ಕಿರೀಟಕ್ಕೆ ಹರಕೆ, ಸ್ಪರ್ಧೆಗೆ ಸೇವೆ: ಸೌಂದರ್ಯ ಸ್ಪರ್ಧೆಯ ತಯಾರಿಯಲ್ಲಿ ಭಕ್ತಿಗೆ ಯಾವ ಜಾಗ?

ಉಡುಪಿಯ ತಾಯಿ:
ಎಲ್ಲರಿಗೂ ನಮಸ್ಕಾರ. ನನ್ನ 21 ವರ್ಷದ ಮಗಳು ರಾಜ್ಯಮಟ್ಟದ ಸೌಂದರ್ಯ ಸ್ಪರ್ಧೆಯೊಂದರ ಆಯ್ಕೆ ಸುತ್ತಿಗೆ ಸಿದ್ಧಳಾಗುತ್ತಿದ್ದಾಳೆ. ಬೆಳಗಿನ ಜಾವ ಎದ್ದು, ದೀಪ ಹಚ್ಚಿ, ವಿಷ್ಣು ಸಹಸ್ರನಾಮ ಹೇಳಿಕೊಂಡ ಮೇಲೆಯೇ ಚಾವಡಿಯಲ್ಲಿ ಹೀಲ್ಸ್ ಹಾಕಿ ನಡೆಯುವ ಅಭ್ಯಾಸ ಶುರುಮಾಡುತ್ತಾಳೆ; ಅಜ್ಜನ ಕಾಲದ ಕೆಂಪು ನೆಲ ಗೀರಬಾರದೆಂದು ಹೀಲ್ಸಿನ ತುದಿಗೆ ಹಳೆಯ ಸೈಕಲ್ ಟ್ಯೂಬಿನ ಚೂರುಗಳನ್ನು ಅಂಟಿಸಿಕೊಂಡಿದ್ದಾಳೆ. ಇಷ್ಟರವರೆಗೆ ನನಗೆ ಸಂತೋಷವೇ. ಆದರೆ ಕಿರೀಟ ಸಿಗಲೆಂದು ಹರಕೆ ಹೊತ್ತು, ಏಕಾದಶಿಯ ಜೊತೆಗೆ ಗುರುವಾರ, ಶನಿವಾರವೂ ಉಪವಾಸ ಹಿಡಿದಿದ್ದಾಳೆ. ತರಬೇತಿ ಕೊಡುವವರೋ, ಸಮಾಜಸೇವೆಯ ಯೋಜನೆಯೊಂದು ಕಡ್ಡಾಯ ಎಂದು ಹೇಳಿ, ಆರಿಸಿಕೊಳ್ಳಲು ವಿಷಯಗಳ ಪಟ್ಟಿಯೊಂದನ್ನು ಕಳುಹಿಸಿದ್ದಾರೆ. ಇವೆರಡೂ ನನ್ನ ಮನಸ್ಸಿಗೆ ಒಗ್ಗುತ್ತಿಲ್ಲ. ತಿಳಿದವರು ಹೇಳಬೇಕು.

ಬೆಂಗಳೂರಿನ ನಿವೃತ್ತ ಉಪನ್ಯಾಸಕಿ:
1996ರ ನವೆಂಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ವಿರೋಧಿಸಿದವರಲ್ಲಿ ನಾನೂ ಒಬ್ಬಳು. ಸಂಸ್ಕೃತಿಯ ಹೆಸರಿನಲ್ಲಿ ಕೆಲವರು, ಹೆಣ್ಣಿನ ದೇಹ ಮಾರಾಟದ ಸರಕಲ್ಲ ಎಂದು ಮಹಿಳಾ ಸಂಘಟನೆಗಳವರು, ಬಹುರಾಷ್ಟ್ರೀಯ ಕಂಪನಿಗಳ ವಿರುದ್ಧ ರೈತ ಸಂಘದವರು, ಹೀಗೆ ಒಬ್ಬೊಬ್ಬರು ಒಂದೊಂದು ಕಾರಣಕ್ಕೆ ಬೀದಿಗಿಳಿದಿದ್ದೆವು. ಈಜುಡುಗೆಯ ಸುತ್ತನ್ನು ಆಗ ಸೇಶೆಲ್ಸ್ ದ್ವೀಪಕ್ಕೆ ಸಾಗಿಸಿದರು. 2014ರ ಕೊನೆಗೆ ಅದನ್ನು ಕೈಬಿಡುವುದಾಗಿ ಆಯೋಜಕರೇ ಘೋಷಿಸಿದರು. ಆದರೂ ಹೆಣ್ಣುಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅಂಕ ಕೊಡುವುದು ನಿಂತಿಲ್ಲ. ಅದಕ್ಕೆ ದೇವರನ್ನೂ ಸೇವೆಯನ್ನೂ ಸೇರಿಸಿದರೆ ಪ್ರಶ್ನೆ ಕೇಳುವವರ ಬಾಯಿ ಕಟ್ಟಿದಂತಾಗುತ್ತದೆ ಎಂಬುದು ನನ್ನ ಆತಂಕ.

ಮಂಗಳೂರಿನ ನೃತ್ಯ ಶಿಕ್ಷಕಿ:
ಮೇಡಂ, ನಿಮ್ಮ ಹೋರಾಟದ ಬಗ್ಗೆ ನನಗೆ ಗೌರವವಿದೆ. ಆದರೆ ಆ ಹುಡುಗಿ ಈಗಾಗಲೇ ತೀರ್ಮಾನ ಮಾಡಿಯಾಗಿದೆ. ಭಕ್ತಿಯನ್ನು ಮನೆಯಲ್ಲಿ ಬಿಟ್ಟು ವೇದಿಕೆಗೆ ಹೋಗೆಂದು ಅವಳಿಗೆ ಯಾರೂ ಹೇಳಬೇಕಾಗಿಲ್ಲ. 2016ರಲ್ಲಿ ಅಮೆರಿಕದ ಮಿನ್ನೆಸೋಟಾ ರಾಜ್ಯದ ಸ್ಪರ್ಧೆಯಲ್ಲಿ ಹಲೀಮಾ ಏಡನ್ ಹಿಜಾಬ್ ತೊಟ್ಟೇ ಭಾಗವಹಿಸಿ ಸೆಮಿಫೈನಲ್ ತಲುಪಿದರು. ಕರ್ನಾಟಕವನ್ನು ಪ್ರತಿನಿಧಿಸಿ 2022ರಲ್ಲಿ ಮಿಸ್ ಇಂಡಿಯಾ ಆದ ಸಿನಿ ಶೆಟ್ಟಿ ಭರತನಾಟ್ಯ ಕಲಿತವರು. ನಮ್ಮ ನೃತ್ಯದಲ್ಲಿ ಮೊದಲು ಭೂಮಿಯನ್ನು ಮುಟ್ಟಿ ನಮಸ್ಕರಿಸುತ್ತೇವೆ. ಮೆಟ್ಟುತ್ತೇನೆ, ಕ್ಷಮಿಸು ಎಂಬುದಷ್ಟೇ ಅದರ ಅರ್ಥ. ಬಹುಮಾನ ಕೊಡು ಎಂದು ಯಾರೂ ಕೇಳುವುದಿಲ್ಲ. ನಿಮ್ಮ ಮಗಳು ಹೀಲ್ಸ್ ಹಾಕುವ ಮುನ್ನ ಹಾಗೊಮ್ಮೆ ಕೈಮುಗಿದರೆ ಸಾಕು, ಹರಕೆಯ ಹೊರೆ ಬೇಡ.

ಮೈಸೂರಿನ ಆಹಾರ ತಜ್ಞೆ:
ವಾರದಲ್ಲಿ ಎರಡು ಮೂರು ದಿನ ಹೊಟ್ಟೆಗೆ ಹಾಕದೆ, ಉಳಿದ ದಿನ ವ್ಯಾಯಾಮ ಮಾಡುವ ಹುಡುಗಿಯ ಬಗ್ಗೆ ನನಗೆ ಭಯವಾಗುತ್ತದೆ. ತೂಕ ಇಳಿಸಲು ಹೊರಟವರು ಎಷ್ಟೋ ಸಲ ಅದಕ್ಕೆ ವ್ರತದ ಹೆಸರಿಡುತ್ತಾರೆ. ಆಗ ಮನೆಯವರು ಬೇಡವೆನ್ನಲು ಹಿಂಜರಿಯುತ್ತಾರೆ. ದಯವಿಟ್ಟು ಮೊದಲು ರಕ್ತ ಪರೀಕ್ಷೆ ಮಾಡಿಸಿ. ಗರ್ಭಿಣಿಯರಲ್ಲದ ಹೆಣ್ಣುಮಕ್ಕಳಲ್ಲಿ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರ್ ರಕ್ತಕ್ಕೆ 12 ಗ್ರಾಮಿಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತೇವೆ. ಊಟದ ಜೊತೆಗೆ ಕಾಫಿ, ಟೀ ಬೇಡ. ಸೊಪ್ಪು, ಕಾಳುಗಳ ಜೊತೆಗೆ ನಿಂಬೆಹಣ್ಣು ಇರಲಿ.

ಹುಬ್ಬಳ್ಳಿಯ ಮಾಜಿ ಸ್ಪರ್ಧಿ:
ಅಮ್ಮಾ, ಪಟ್ಟಿಯಿಂದ ವಿಷಯ ಆರಿಸಿದವಳು ನಾನು, ಹಾಗಾಗಿ ಹೇಳುತ್ತೇನೆ. ವೃದ್ಧಾಶ್ರಮಕ್ಕೆ ಹೋಗಿ ಎರಡು ತಾಸು ಇದ್ದು, ಹಣ್ಣು ಹಂಚಿ, ಫೋಟೋ ತೆಗೆಸಿಕೊಂಡು ಬಂದೆ. ಹೊರಡುವಾಗ ಅಜ್ಜಿಯೊಬ್ಬರು ನನ್ನ ಸೆರಗು ಹಿಡಿದು, "ನಾಳೆ ಬರ್ತೀಯೇನವ್ವಾ?" ಎಂದರು. ಬರುತ್ತೇನೆಂದೆ. ಹೋಗಲಿಲ್ಲ. ತೀರ್ಪುಗಾರರ ಮುಂದೆ ಅದೇ ಭೇಟಿಯ ಬಗ್ಗೆ ಚೆನ್ನಾಗಿ ಮಾತನಾಡಿ ಅಂಕ ಪಡೆದದ್ದು ಈಗಲೂ ಚುಚ್ಚುತ್ತದೆ. ವಿಶ್ವಸುಂದರಿ ಸ್ಪರ್ಧೆಯಲ್ಲಿ 'ಬ್ಯೂಟಿ ವಿತ್ ಎ ಪರ್ಪಸ್' ಎಂಬ ಸಮಾಜಸೇವೆಯ ಭಾಗ 1972ರಿಂದ ಇದೆ. 2025ರ ಮೇ 31ರಂದು ಹೈದರಾಬಾದಿನಲ್ಲಿ ಗೆದ್ದ ಥಾಯ್ಲೆಂಡಿನ ಓಪಲ್ ಸುಚಾತಾ ಸ್ತನ ಕ್ಯಾನ್ಸರ್ ಜಾಗೃತಿಯನ್ನು ಕೈಗೆತ್ತಿಕೊಂಡದ್ದು, 16ನೇ ವಯಸ್ಸಿನಲ್ಲಿ ತಮ್ಮದೇ ಎದೆಯ ಗಡ್ಡೆ ತೆಗೆಸಿಕೊಂಡ ಅನುಭವದಿಂದ. ಹಾಗೆ ತನ್ನ ಬದುಕಿನೊಳಗಿಂದ ಬಂದ ಕೆಲಸವನ್ನು ಸ್ಪರ್ಧೆ ಮುಗಿದ ಮರುದಿನವೇ ಬಿಟ್ಟುಬಿಡಲು ಆಗುವುದಿಲ್ಲ.

ಬೆಂಗಳೂರಿನ ನಿವೃತ್ತ ಉಪನ್ಯಾಸಕಿ:
ಸ್ಪರ್ಧೆಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಈ ಹುಬ್ಬಳ್ಳಿಯ ಹುಡುಗಿಯ ಪ್ರಾಮಾಣಿಕತೆಗೆ ಕೈಮುಗಿಯುತ್ತೇನೆ. ಆ ಆಶ್ರಮಕ್ಕೆ ಈಗಲಾದರೂ ಒಮ್ಮೆ ಹೋಗಿ ಬಾ ಮಗಳೇ.

ಉಡುಪಿಯ ತಾಯಿ:
ವಾರದ ನಂತರ ಬರೆಯುತ್ತಿದ್ದೇನೆ. ಮಗಳ ಹಿಮೋಗ್ಲೋಬಿನ್ 9.2 ಬಂದಿದೆ. ಮೆಟ್ಟಿಲು ಹತ್ತುವಾಗ ಬರುತ್ತಿದ್ದ ಏದುಸಿರನ್ನು ಅವಳು ಅಭ್ಯಾಸದ ದಣಿವೆಂದು ಭಾವಿಸಿದ್ದಳು. ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡ 57ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ವರದಿ ಹೇಳುತ್ತದೆಂದು ಅವಳೇ ಓದಿ ನನಗೆ ತೋರಿಸಿದಳು. ಏಕಾದಶಿಯೊಂದನ್ನು ಉಳಿಸಿಕೊಂಡು, ಅಂದು ಹಾಲು ಹಣ್ಣು ತೆಗೆದುಕೊಳ್ಳಲು ಒಪ್ಪಿದ್ದಾಳೆ. ಪಟ್ಟಿಯನ್ನು ತರಬೇತುದಾರರಿಗೆ ಹಿಂದಿರುಗಿಸಿದ್ದಾಳೆ. ನಾಳಿದ್ದು ಶನಿವಾರ, ತಾನು ಓದಿದ ಕಾಲೇಜಿನ ಹಾಸ್ಟೆಲಿನ ಹುಡುಗಿಯರ ಜೊತೆ ಕುಳಿತು ಮಾತನಾಡಲು ಹೋಗುತ್ತಾಳಂತೆ. ತನ್ನ ರಕ್ತ ಪರೀಕ್ಷೆಯ ಚೀಟಿಯನ್ನು ಈಗಲೇ ಚೀಲದಲ್ಲಿ ಇಟ್ಟುಕೊಂಡಿದ್ದಾಳೆ.