ಸಹಾಯ ಬೇಕು: 6 ವರ್ಷದ ಲ್ಯಾಪ್‌ಟಾಪ್ ಇನ್ನೆರಡು ವರ್ಷ ಓಡಬೇಕು

ಎಲ್ಲರಿಗೂ ನಮಸ್ಕಾರ. ನಾನು ದಿನಾ ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಆ ಬಸ್ಸುಗಳ ಓಟ ನಿಮಗೆ ಗೊತ್ತೇ ಇದೆಯಲ್ಲ ಮಾರಾಯ್ರೆ! ಲ್ಯಾಪ್‌ಟಾಪ್ ಮಡಿಲಲ್ಲೇ ಇರುತ್ತದೆ, ಆದರೂ ಪೆಟ್ಟು ತಪ್ಪಿದ್ದಲ್ಲ.

ಎಸ್‌ಎಸ್‌ಡಿ (ವೇಗದ ಸ್ಟೋರೇಜ್) ಹಾಕಿಸಿದ್ದೇನೆ, ಸ್ಪೀಡಿಗೆ ತೊಂದರೆ ಇಲ್ಲ. ಹಳೆ ಬ್ಯಾಟರಿ ಉಬ್ಬಿ ಟಚ್‌ಪ್ಯಾಡನ್ನೇ ಮೇಲೆತ್ತಿತ್ತು, ಕಳೆದ ವರ್ಷ ಬದಲಿಸಿದೆ. ಇಡೀ ದಿನ ಚಾರ್ಜಿಗೆ ಹಾಕಿಡುತ್ತಿದ್ದೆ. ಫುಲ್ ಚಾರ್ಜು, ಜೊತೆಗೆ ನಮ್ಮೂರ ಸೆಕೆ, ಎರಡೂ ಸೇರಿದರೆ ಲಿಥಿಯಂ ಬ್ಯಾಟರಿ ಬೇಗ ಸೋಲುತ್ತದೆ. ಈಗ ಶೇ. 80ಕ್ಕೆ ನಿಲ್ಲುವ ಹಾಗೆ ಸೆಟ್ ಮಾಡಿದ್ದೇನೆ.

ದೊಡ್ಡ ತಲೆನೋವು ಹಿಂಜ್, ಅಂದರೆ ಪರದೆ ತೆರೆದು ಮುಚ್ಚುವ ಕೀಲು. ಮನೆ ಮಲ್ಪೆ ಕಡಲಿನ ಹತ್ತಿರ, ಉಪ್ಪುಗಾಳಿ ಬೇರೆ. ಯುಎಸ್‌ಬಿ ಪೋರ್ಟಿನಲ್ಲಿ ತುಕ್ಕು ಕಾಣುತ್ತಿದೆ. ಎಡಗಡೆಯ ಹಿಂಜ್ ಬಿಗಿಯಾಗಿ, ತೆರೆಯುವಾಗಲೆಲ್ಲ ಪ್ಲಾಸ್ಟಿಕ್ ಬಿರುಕು ಬಿಡುತ್ತಿದೆ. ಒಂದು ಅಂಗಡಿಯವರು ನೋಡಿದ ಕೂಡಲೇ "ಹೊಸದು ತಗೊಳ್ಳಿ" ಅಂದರು. ಸುಮ್ನೆ ಅಷ್ಟು ಖರ್ಚು ಯಾಕೆ, ಅಲ್ವಾ?

ಹಿಂಜ್‌ನ ನಟ್ಟು ಸ್ವಲ್ಪ ಸಡಿಲ ಮಾಡಿದರೆ ಸಾಕೇ, ಇಲ್ಲ ಹಿಂಜನ್ನೇ ಬದಲಿಸಬೇಕೇ? ಮಾಡಿಸಿದವರು ಯಾರಾದರೂ ಇದ್ದರೆ ಎಷ್ಟಾಯಿತು ಹೇಳಿ. ಮಳೆಗಾಲದಲ್ಲಿ ಬ್ಯಾಗಿನೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಪ್ರಯೋಜನ ಉಂಟಾ? ಅಮ್ಮ ಅಕ್ಕಿ ಡಬ್ಬದಲ್ಲಿ ಇಡು ಅನ್ನುತ್ತಿದ್ದಾರೆ, ಅದೊಂದು ಬೇಡ.