55-250 ಲೆನ್ಸ್‌ಗೆ ಸೆಕೆಂಡ್ ಹ್ಯಾಂಡ್ ಟೆಲಿಕನ್ವರ್ಟರ್ ತಗೊಳ್ಳಬಹುದಾ?

ಪ್ರಶ್ನೆ (ಶಿರಾ): ನಮಸ್ಕಾರ ಸರ್. ನನ್ನ ಹತ್ತಿರ ಕ್ಯಾನನ್ 1500ಡಿ ಮತ್ತು 55-250 ಲೆನ್ಸ್ ಇದೆ. ಕಗ್ಗಲಡುವಿನ ಹುಣಸೆ ಮರದ ಮೇಲಿನ ಬಣ್ಣದ ಕೊಕ್ಕರೆಗಳಿಗೆ ಅದೇ ಸಾಕಾಗುತ್ತದೆ. ಮೈದನಹಳ್ಳಿಗೆ ಹೋದರೆ ಮಾತ್ರ ಕೃಷ್ಣಮೃಗ ಫೋಟೋದಲ್ಲಿ ತೀರಾ ಚಿಕ್ಕದಾಗಿ ಬರುತ್ತದೆ. ಕ್ಯಾನನ್‌ನದೇ ಟೆಲಿಕನ್ವರ್ಟರ್ (ಲೆನ್ಸಿಗೂ ಕ್ಯಾಮೆರಾಗೂ ನಡುವೆ ಹಾಕಿ ಚಿತ್ರ ದೊಡ್ಡದು ಮಾಡುವ ಸಾಧನ) ನಮ್ಮ ಕೈಗೆಟುಕುವುದಿಲ್ಲ. ಕೆಂಕೊ ಕಂಪನಿಯ 2ಎಕ್ಸ್ (ಎರಡು ಪಟ್ಟು) ಹಳೆಯದೊಂದು ಸಿಗುತ್ತಿದೆ. ತಗೊಳ್ಳಲಾ?

ಉತ್ತರ: ಬೇಡ. ಅಂದಹಾಗೆ, ದುಡ್ಡಿದ್ದರೂ ಕ್ಯಾನನ್‌ನದು ನಿಮ್ಮ ಲೆನ್ಸ್‌ಗೆ ಕೂರುವುದಿಲ್ಲ. ಆ ಕನ್ವರ್ಟರಿನ ಮುಂದಿನ ಗಾಜು ಹೊರಗೆ ಚಾಚಿಕೊಂಡಿರುತ್ತದೆ. ಲೆನ್ಸಿನ ಹಿಂಭಾಗದಲ್ಲಿ ಅದಕ್ಕೆ ಜಾಗ ಬೇಕು, ಆ ಜಾಗ ಕೆಲವು ದುಬಾರಿ ಲೆನ್ಸ್‌ಗಳಲ್ಲಷ್ಟೇ ಇದೆ. ಕೆಂಕೊದ ಗಾಜು ಹಾಗೆ ಹೊರಗೆ ಬರುವುದಿಲ್ಲ. ಅದಕ್ಕೇ ಜಾಸ್ತಿ ಲೆನ್ಸ್‌ಗಳಿಗೆ ಹೊಂದುತ್ತದೆ, ಜನ ಅದನ್ನೇ ಹುಡುಕುತ್ತಾರೆ.

ನಿಮಗೆ ತೊಂದರೆ ಬರುವುದು ಬೆಳಕಿನಲ್ಲಿ. 1.4ಎಕ್ಸ್ ಕನ್ವರ್ಟರ್ ಒಂದು ಸ್ಟಾಪ್ ಬೆಳಕು ತಿನ್ನುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧವಾದಂತೆ), 2ಎಕ್ಸ್ ಎರಡು. ನಿಮ್ಮ ಲೆನ್ಸ್ 250 ಎಂಎಂನಲ್ಲಿ ಎಫ್5.6 (ಈ ಎಫ್ ಸಂಖ್ಯೆ ಹೆಚ್ಚಿದಷ್ಟೂ ಬೆಳಕು ಕಡಿಮೆ). ಅದಕ್ಕೆ 2ಎಕ್ಸ್ ಹಾಕಿದರೆ 500 ಎಂಎಂ, ಎಫ್11. 1/1000 ಸೆಕೆಂಡ್ ಇದ್ದ ಶಟರ್ ವೇಗ 1/250ಕ್ಕೆ ಇಳಿಯುತ್ತದೆ. ಓಡುವ ಜಿಂಕೆಗೆ ಅದು ಯಾವ ಮೂಲೆಗೂ ಸಾಲದು. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಏರಿಸಿದರೆ ನಾಯ್ಸ್, ಅಂದರೆ ಚಿತ್ರದಲ್ಲಿ ಚುಕ್ಕೆ ಚುಕ್ಕೆ. ಮೇಲಾಗಿ 1500ಡಿಯ ವ್ಯೂಫೈಂಡರ್‌ನಲ್ಲಿ ಆಟೋಫೋಕಸ್ ಆಗಲು ಎಫ್5.6 ಆದರೂ ಬೇಕು. ಎಫ್11ರಲ್ಲಿ ಫೋಕಸ್ ಹಿಂದೆ ಮುಂದೆ ಓಡಾಡುತ್ತಲೇ ಇರುತ್ತದೆ, ಅಷ್ಟರಲ್ಲಿ ಜಿಂಕೆ ಪೊದೆ ದಾಟಿರುತ್ತದೆ.

ಸುಮ್ನೆ ಕ್ರಾಪ್ ಮಾಡಿ. ನಿಮ್ಮದು 24 ಮೆಗಾಪಿಕ್ಸೆಲ್. 1.4ಎಕ್ಸ್‌ನಷ್ಟು ಕ್ರಾಪ್ ಮಾಡಿದರೂ ಸುಮಾರು 12 ಉಳಿಯುತ್ತದೆ. ಎ4 ಪ್ರಿಂಟ್‌ಗೆ ಧಾರಾಳ.

ಪ್ರಶ್ನೆ (ಮಧುಗಿರಿ): ಅಣ್ಣಾ, ನನ್ನದೂ 1500ಡಿ. ಆದರೆ ಲೆನ್ಸ್ 70-200 ಎಫ್4. ನನಗೂ ಬೇಡವಾ?

ಉತ್ತರ: ನಿಮಗೆ ಬೇಕು! 1.4ಎಕ್ಸ್ ಹಾಕಿದರೆ 280 ಎಂಎಂ ಎಫ್5.6, ಆಟೋಫೋಕಸ್ ನಡೆಯುತ್ತದೆ. 2ಎಕ್ಸ್ ಮಾತ್ರ ನಿಮಗೂ ಬೇಡ, ಎಫ್8 ಆಗಿಬಿಡುತ್ತದೆ. ಕೆಂಕೊದಲ್ಲಿ ‘ಡಿಜಿಎಕ್ಸ್’ ಅಂತ ಬರೆದಿರುವುದನ್ನೇ ನೋಡಿ. ಅದು ಬದಲಾದ ಅಪರ್ಚರ್ (ಎಫ್ ಸಂಖ್ಯೆ) ಎಷ್ಟು ಅಂತ ಕ್ಯಾಮೆರಾಗೆ ತಿಳಿಸುತ್ತದೆ. ತೀರಾ ಹಳೆಯವು ತಿಳಿಸುವುದಿಲ್ಲ, ಕ್ಯಾಮೆರಾ ಇನ್ನೂ 200 ಎಫ್4 ಅಂದುಕೊಂಡೇ ಇರುತ್ತದೆ.

ಸೆಕೆಂಡ್ ಹ್ಯಾಂಡ್ ಆದರೆ ಮೊಬೈಲ್ ಟಾರ್ಚನ್ನು ಒಂದು ಕಡೆಯಿಂದ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್, ವಾಪಸ್ ಕೊಟ್ಟುಬಿಡಿ. ಲೆನ್ಸ್‌ಗೆ ಹಾಕಿ ಅಲ್ಲಾಡಿಸಿ, ಲೂಸ್ ಇರಬಾರದು. ಆಮೇಲೆ ದೂರದ ಅಂಗಡಿ ಬೋರ್ಡ್ ಒಂದನ್ನು ಕನ್ವರ್ಟರ್ ಹಾಕಿ ಒಮ್ಮೆ, ತೆಗೆದು ಒಮ್ಮೆ ಹೊಡೆಯಿರಿ. ಹಾಕದ ಫೋಟೋವನ್ನು ಕ್ರಾಪ್ ಮಾಡಿ ಎರಡರ ಅಕ್ಷರಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕನ್ವರ್ಟರ್ ಹಾಕಿದ್ದೇ ಸ್ಪಷ್ಟವಾಗಿದ್ದರೆ ದುಡ್ಡು ಕೊಡಿ. ಇಲ್ಲದಿದ್ದರೆ ಮಾತಾಡದೆ ಎದ್ದು ಬನ್ನಿ.

ಪ್ರಶ್ನೆ (ಶಿರಾ): ಸರಿ ಸರ್, ಕೆಂಕೊ ಬಿಟ್ಟೆ. ಲೆನ್ಸಿನ ಮುಂದೆ ಫಿಲ್ಟರ್ ಥರ ತಿರುಗಿಸಿ ಹಾಕುವ 2ಎಕ್ಸ್ ಅಗ್ಗಕ್ಕೆ ಬರುತ್ತದಲ್ಲಾ, ಅದು?

ಉತ್ತರ: ಅದರಲ್ಲಿ ಬೆಳಕು ಅಷ್ಟು ನಷ್ಟ ಆಗಲ್ಲ ನಿಜ, ಆದರೆ ಅಗ್ಗದವುಗಳಲ್ಲಿ ಚಿತ್ರ ಮಂಜು ಮಂಜು. ಕೊಂಬಿನ ಅಂಚಿಗೆ ನೇರಳೆ ಬಣ್ಣ ಬೇರೆ. ಮೈದನಹಳ್ಳಿಗೆ ಬಿಸಿಲೇರುವ ಮುಂಚೆ ಹೋಗಿ. ಬಯಲು ಕಾದ ಮೇಲೆ ಗಾಳಿ ಅಲೆ ಅಲೆಯಾಗಿ ಕುಣಿಯುತ್ತದೆ, ಆಗ ಎಷ್ಟು ಉದ್ದದ ಲೆನ್ಸ್ ಇದ್ದರೂ ದೂರದ ಜಿಂಕೆ ಶಾರ್ಪ್ ಬರುವುದಿಲ್ಲ.