ದುಡ್ಡಿಗಲ್ಲ, ಲೈಕಿಗೂ ಅಲ್ಲ: ಫೋಟೊ ಹವ್ಯಾಸ ಉಳಿಸಿಕೊಂಡವರು ಹೇಗೆ ಅಂತ ಹೇಳಿ

ಕೇಳಿದವರು: ಚಿಕ್ಕಬಳ್ಳಾಪುರ ಟೌನ್

ಎಲ್ಲರಿಗೂ ನಮಸ್ಕಾರ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಫೋಟೊ ತೆಗೆಯೋದು ಅಂದ್ರೆ ಮೊದಲಿಂದಲೂ ಇಷ್ಟ, ಮೊಬೈಲಲ್ಲೇ ತೆಗೆಯುತ್ತೇನೆ. ಇತ್ತೀಚೆಗೆ ಯಾಕೋ ಬೇಜಾರು ಹಿಡಿದಿದೆ. ನಂದಿ ಬೆಟ್ಟದ ಸೂರ್ಯೋದಯ ತೆಗೆದರೆ ಅದೇ ಫೋಟೊ ಎಲ್ಲರ ಸ್ಟೇಟಸ್‌ನಲ್ಲೂ ಇರುತ್ತೆ. ಮನೆಯಲ್ಲಿ ನೋಡಿದರೆ, "ಇಷ್ಟು ಚೆನ್ನಾಗಿ ತೆಗೀತೀರ, ಮದುವೆ ಆರ್ಡರ್ ಹಿಡೀರಿ" ಅಂತಾರೆ. ನನಗೆ ಇದರಲ್ಲಿ ದುಡ್ಡು ಮಾಡೋ ಆಸೆ ಇಲ್ಲ, ಸ್ಪರ್ಧೆಗೆ ಕಳಿಸೋದೂ ಬೇಡ. ರಿಟೈರ್ ಆದಮೇಲೂ ಖುಷಿಯಾಗಿ ಮಾಡ್ಕೊಂಡು ಹೋಗೋ ಹಾಗಿರಬೇಕು, ಅಷ್ಟೆ. ಹಾಗೆ ಉಳಿಸಿಕೊಂಡವರು ಇದ್ದೀರಾ? ದೊಡ್ಡ ಕ್ಯಾಮೆರಾ ಕೊಳ್ಳಲೇಬೇಕಾ?

ಶಿಡ್ಲಘಟ್ಟದ ಹತ್ತಿರದ ಹಳ್ಳಿಯಿಂದ

ಸಾರ್, ನಮ್ಮದು ರೇಷ್ಮೆ ಬೆಳೆಯುವ ಮನೆ. ಬೆಟ್ಟ ಹತ್ತಿ ಫೋಟೊ ತೆಗೆದದ್ದು ಕಮ್ಮಿ, ಹುಳು ಮನೆಯಲ್ಲಿ ತೆಗೆದದ್ದೇ ಜಾಸ್ತಿ. ನನ್ನ ಹುಚ್ಚು ಇನ್ನೂ ಬಿಟ್ಟಿಲ್ಲ ಅಂದ್ರೆ ಅದಕ್ಕೆ ಇದೇ ಕಾರಣ. ಫೋಟೊಗೆ ಅಂತ ನಾನು ಎಲ್ಲಿಗೂ ಹೋಗಬೇಕಿಲ್ಲ.

ಹುಳು ಹಣ್ಣಾದಾಗ ನೋಡಿದ್ದೀರಾ? ಸೊಪ್ಪು ತಿನ್ನೋದು ಬಿಡುತ್ತೆ, ಮೈ ತೆಳ್ಳಗೆ ಹಳದಿಗೆ ತಿರುಗಿ ಒಳಗಡೆ ಬೆಳಕು ಹಾಯುವ ಹಾಗಾಗುತ್ತೆ. ತಲೆ ಎತ್ತಿ ಜಾಗ ಹುಡುಕುತ್ತೆ. ಆಮೇಲೆ ಚಂದ್ರಂಕಿಗೆ, ಅಂದ್ರೆ ಹುಳು ಗೂಡು ಕಟ್ಟೋ ತಟ್ಟೆಗೆ, ಬಿಟ್ಟರೆ ಮೊದಲು ಸುತ್ತ ಒಂದು ಸಡಿಲ ಬಲೆ ಕಟ್ಟಿಕೊಳ್ಳುತ್ತೆ. ಆ ಬಲೆಯೊಳಗೆ ತಲೆಯನ್ನು ಇಂಗ್ಲಿಷ್ ಎಂಟರ ಹಾಗೆ ಆಡಿಸುತ್ತಾ ನೂಲು ಬಿಡುತ್ತೆ. ಫೋಟೊ ಸಿಗೋದು ಆ ಹೊತ್ತಿನಲ್ಲೇ. ಗೂಡು ದಪ್ಪವಾಯಿತು ಅಂದ್ರೆ ಹುಳು ಕಾಣೋದೇ ಇಲ್ಲ.

ಫ್ಲ್ಯಾಶ್ ಮಾತ್ರ ಬೇಡ. ಹುಳುವಿಗೆ ಜೋರು ಬೆಳಕು ಆಗಿಬರಲ್ಲ, ಫೋಟೊನೂ ಬೆಳ್ಳಗೆ ಸತ್ತುಹೋಗುತ್ತೆ. ನಾನು ಬಾಗಿಲ ಬೆಳಕು ಪಕ್ಕದಿಂದ ಬೀಳೋ ಕಡೆ ಒಂದು ಚಂದ್ರಂಕಿ ನಿಲ್ಲಿಸುತ್ತೇನೆ. ಇಟ್ಟಿಗೆ ಮೇಲೆ ಇಟ್ಟಿಗೆ ಜೋಡಿಸಿ ಅದಕ್ಕೆ ಮೊಬೈಲ್ ಒರಗಿಸಿ, ಟೈಮರ್ ಹಾಕಿ ಕೈ ತೆಗೀತೇನೆ. ಕೈ ಅಲುಗಾಟ ಇಲ್ಲದಿದ್ದರೆ ಒಂದೊಂದು ಎಳೆಯೂ ಬಿಡಿಬಿಡಿಯಾಗಿ ಕಾಣುತ್ತೆ.

ಪ್ರತಿ ಬೆಳೆಯಲ್ಲೂ ಇದನ್ನೇ ತೆಗೆದರೆ ಬೇಜಾರಾಗಲ್ವಾ ಅಂತ ಕೇಳ್ತಾರೆ. ಇಲ್ಲ. ಬಿದಿರಿನ ಚಂದ್ರಂಕಿ ಹೋಗಿ ಪ್ಲಾಸ್ಟಿಕ್ಕಿನವು ಬಂದವು. ಸೊಪ್ಪು ಹಾಕೋ ಅಮ್ಮನ ಕೈ ಹೋಗಿ ಹೆಂಡತಿಯ ಕೈ ಬಂತು. ಹಳೇ ಫೋಟೊ ಪಕ್ಕ ಹೊಸದಿಟ್ಟಾಗಲೇ ಇದೆಲ್ಲ ಕಂಡದ್ದು. ಗೂಡಿನ ಮಾರ್ಕೆಟ್ಟಿಗೆ ಹೋದಾಗ, ಗೂಡಿಂದ ನೂಲು ತೆಗೆಸೋ ರೀಲರ್‌ಗಳು ಹಿಡಿ ಗೂಡು ತೆಗೆದು ಅದುಮಿ ನೋಡುವ ಕೈಗಳನ್ನೂ ತೆಗೆಯುತ್ತೇನೆ. ಮೊದಲು ಕೇಳ್ತೇನೆ, ಆಮೇಲೆ ತೆಗೀತೇನೆ. ಮುಂದಿನ ಸಲ ಪ್ರಿಂಟ್ ಹಾಕಿಸಿ ಕೈಗೆ ಕೊಡ್ತೇನೆ. ಈಗ ಅವರೇ ಕರೆದು, "ಏನಪ್ಪಾ, ನಮ್ಮ ಹುಡುಗಂದು ಒಂದು ತೆಗಿ" ಅಂತಾರೆ. ಆ ಮಾತಿನ ಮುಂದೆ ಲೈಕ್ ಏನು ಮಹಾ.

ನಂದಿ ಗ್ರಾಮದಿಂದ

ಮೇಲಿನವರು ಹೇಳಿದ್ದು ಸರಿ. ಆದರೆ ಬೆಟ್ಟವನ್ನು ಪೂರ್ತಿ ಬಿಡಬೇಡಿ ಸಾರ್. ನಂದಿ ಬೆಟ್ಟ 1,478 ಮೀಟರ್ ಎತ್ತರ, ಮಂಜು ಅಲ್ಲಿ ಸಿಗದೆ ಇನ್ನೆಲ್ಲಿ ಸಿಗಬೇಕು? ಶನಿವಾರ ಭಾನುವಾರ ಹೋಗಬೇಡಿ, ಅಷ್ಟೆ. ಹೋದರೂ ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಿ. ಎಲ್ಲರೂ ಪೂರ್ವಕ್ಕೆ ಮೊಬೈಲ್ ಎತ್ತಿರುತ್ತಾರೆ. ಆಗ ಅವರ ಮುಖದ ಮೇಲೆ ಬೀಳೋ ಬೆಳಕನ್ನು ಯಾರೂ ತೆಗೆಯಲ್ಲ.

ಅಲ್ಲಿಂದ ಇಳಿದು ನಮ್ಮೂರಿಗೆ ಬನ್ನಿ. ಭೋಗನಂದೀಶ್ವರ ದೇವಸ್ಥಾನ ಇದೆ. ಮೂಲ ನೊಳಂಬರ ಕಾಲದ್ದು. ಆಮೇಲೆ ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬೊಬ್ಬರೂ ತಮ್ಮ ಪಾಲು ಸೇರಿಸಿದ್ದಾರೆ. ಕಲ್ಲಿನ ಕೆತ್ತನೆಗೆ ಓರೆ ಬೆಳಕೇ ಬೇಕು. ಬೆಳಿಗ್ಗೆ ಕಂಬದ ಬಳ್ಳಿ, ಗಿಣಿ ಎಲ್ಲ ಎದ್ದು ಕಾಣುತ್ತವೆ. ಅದೇ ಕಂಬ ಮಧ್ಯಾಹ್ನ ಬಂದರೆ ಚಪ್ಪಟೆ. ಕಲ್ಯಾಣಿಯ ಮೆಟ್ಟಿಲುಗಳ ನೆರಳು ನೋಡಿಕೊಂಡು ಕೂತರೆ ಹೊತ್ತು ಹೋಗೋದೇ ತಿಳಿಯಲ್ಲ. ಒಂದು ವಿಷಯ: ಇದು ಪುರಾತತ್ವ ಇಲಾಖೆಯ ಸುಪರ್ದಿನಲ್ಲಿದೆ. ಕೈಯಲ್ಲಿ ಹಿಡಿದು ತೆಗೆಯೋಕೆ ಅಡ್ಡಿಯಿಲ್ಲ, ಸ್ಟ್ಯಾಂಡ್ ಇಡೋಕೆ ಅನುಮತಿ ಬೇಕು. ಗರ್ಭಗುಡಿ ಕಡೆ ಮೊಬೈಲ್ ಎತ್ತಬೇಡಿ.

ಗೌರಿಬಿದನೂರಿನಿಂದ

ನಾನು ಸ್ವಲ್ಪ ಬೇರೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆರ್ಡರ್ ಹಿಡಿದರೆ ಹವ್ಯಾಸ ಸತ್ತೇ ಹೋಗುತ್ತೆ ಅನ್ನೋದು ಪೂರ್ತಿ ನಿಜ ಅಲ್ಲ. ನಾನು ಮದುವೆ ಸೀಸನ್ನಿನಲ್ಲಿ ಕೆಲಸ ಮಾಡ್ತೀನಿ. ಕತ್ತಲೆ ಛತ್ರದಲ್ಲಿ ಬೆಳಕು ಹಿಡಿಯೋದನ್ನು ಕಲಿತಿದ್ದು ಅಲ್ಲೇ. ಆದರೆ ತಾಳಿ ಕಟ್ಟೋ ಹೊತ್ತಲ್ಲಿ ನಿಮಗಿಷ್ಟವಾದ ಅಜ್ಜಿ ಮುಖ ತೆಗೀತಾ ನಿಂತರೆ ಪಾರ್ಟಿ ಬಿಡಲ್ಲ. ನಿಮಗೆ ಬೇಡ ಅನ್ನಿಸಿದರೆ ಬೇಡ. ಮನೆಯವರಿಗೆ ನೆಂಟರ ನಾಮಕರಣಕ್ಕೆ ಬೇಕಾದರೆ ತೆಗೆದುಕೊಡ್ತೀನಿ, ದುಡ್ಡು ಮುಟ್ಟಲ್ಲ ಅಂತ ಹೇಳಿ. ಅಲ್ಲಿಗೆ ಮಾತು ಮುಗೀತು.

ಚಿಂತಾಮಣಿಯಿಂದ, ನಿವೃತ್ತ ಮೇಷ್ಟ್ರು

ನಾನು ರೋಲ್ ಹಾಕುವ ಕಾಲದವನು. ಒಂದು ರೋಲಿಗೆ 36 ಫೋಟೊ. ಸ್ಟುಡಿಯೋಗೆ ಕೊಟ್ಟು ತೊಳೆಸಿ, ಪ್ರಿಂಟ್ ಬರೋವರೆಗೂ ಏನು ಬಂದಿದೆ ಅಂತ ಗೊತ್ತಿಲ್ಲ. ಹಾಗಾಗಿ ಕ್ಲಿಕ್ ಮಾಡೋ ಮುಂಚೆ ಕೈ ತಡೆಯುತ್ತಿತ್ತು. ಆ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳಲ್ಲ, ಎಷ್ಟೋ ಮುಖ ರೋಲ್ ಉಳಿಸೋಕೆ ಹೋಗಿ ತಪ್ಪಿಹೋಗಿವೆ. ಈಗಿನ ತೊಂದರೆ ತದ್ವಿರುದ್ಧ. ಮೊಬೈಲ್ ತುಂಬ ಫೋಟೊ, ಬೇಕಾದದ್ದು ಒಂದೂ ಸಿಗಲ್ಲ.

ಅದಕ್ಕೆ ನಾನು ತಿಂಗಳ ಕೊನೆಗೆ ಕೂತು ಆರಿಸ್ತೇನೆ. ಒಂದೇ ತರಹದ್ದು ಹತ್ತಿದ್ದರೆ ಒಂದು ಉಳಿಸಿ ಮಿಕ್ಕಿದ್ದು ಅಳಿಸ್ತೇನೆ. ಉಳಿದದ್ದು ಕಂಪ್ಯೂಟರಿನಲ್ಲೊಂದು, ಹಾರ್ಡ್ ಡಿಸ್ಕಿನಲ್ಲೊಂದು. ಆ ಡಿಸ್ಕ್ ಮಗಳ ಮನೆಯಲ್ಲಿರುತ್ತೆ, ಹೋದಾಗಲೆಲ್ಲ ಹೊಸದನ್ನು ಹಾಕಿ ಬರ್ತೇನೆ. ಮೆಮೊರಿ ಕಾರ್ಡನ್ನು ನಂಬಿ ಕೂರಬೇಡಿ, ಅದು ಯಾವತ್ತು ಕೈ ಕೊಡುತ್ತೋ ಹೇಳೋಕಾಗಲ್ಲ. ವಾಟ್ಸಾಪಿನಲ್ಲಿ ಬಂದ ಫೋಟೊ ಕುಗ್ಗಿರುತ್ತೆ, ಪ್ರಿಂಟಿಗೆ ಮೂಲ ಫೈಲೇ ಇಟ್ಟುಕೊಳ್ಳಿ.

ಮುಖ್ಯವಾದವನ್ನು ಪ್ರಿಂಟ್ ಹಾಕಿಸಿ. 4x6 ಸಾಕು. ಹಿಂಬದಿಯಲ್ಲಿ ಯಾರು, ಎಲ್ಲಿ, ಯಾವ ವರ್ಷ ಅಂತ ಮೆತ್ತನೆ ಪೆನ್ಸಿಲ್ಲಿನಲ್ಲಿ ಬರೆಯಿರಿ. ಬಾಲ್ ಪೆನ್ನಿನಲ್ಲಿ ಒತ್ತಿ ಬರೆದರೆ ಮುಂದಿನ ಕಡೆ ಗೆರೆ ಏಳುತ್ತೆ. ಅಂಟು ಹಾಳೆಯ ಹಳೇ ಆಲ್ಬಂ ಮನೆಯಲ್ಲಿದ್ದರೆ ಈಗಲೇ ಫೋಟೊ ಬಿಡಿಸಿಕೊಳ್ಳಿ, ಆ ಅಂಟು ಹಳದಿ ಹಿಡಿಸುತ್ತೆ. ಬಿಡಿಸೋಕೆ ಬರದಿದ್ದರೆ ಎಳೆಯಬೇಡಿ, ಹಾಗೇ ಇಟ್ಟು ಮೇಲಿಂದ ಫೋಟೊ ತೆಗೆದುಕೊಳ್ಳಿ. ನಮ್ಮ ಮನೆ ಆಲ್ಬಂ ಒಂದರಲ್ಲಿ ಚೆಂದದ ಒಬ್ಬ ಹೆಂಗಸು ಇದ್ದಾರೆ. ಯಾರು ಅಂತ ಹೇಳೋರು ಈಗ ಯಾರೂ ಉಳಿದಿಲ್ಲ. ಹೆಸರು ಬರೆದಿಡಿ ಅಂತ ನಾನು ಇಷ್ಟು ಒತ್ತಿ ಹೇಳೋದು ಅದಕ್ಕೇ.

ಗುಡಿಬಂಡೆಯಿಂದ

ಮೇಷ್ಟ್ರೇ, ನೀವು ಹೇಳಿದ್ದು ಓದಿ ಆಲ್ಬಂ ತೆಗೆದು ನೋಡಿದೆ. ಯಾವ ಫೋಟೊದಲ್ಲೂ ನಾನಿಲ್ಲ! ತೆಗೆಯೋರು ಯಾವತ್ತೂ ಆಚೆಗೇ. ಅಣ್ಣಾ, ಮೊಬೈಲನ್ನು ಆಗಾಗ ಬೇರೆಯವರ ಕೈಗೂ ಕೊಡಿ, ವಂಕರ ಬಂದರೂ ಪರವಾಗಿಲ್ಲ.

ಇಲ್ಲಿಗೆ ಬಂದವರೆಲ್ಲ ಕೋಟೆ ಹತ್ತಿ ಭೈರಸಾಗರ ಕೆರೆ ತೆಗೀತಾರೆ, ಮೇಲಿಂದ ಭಾರತದ ನಕ್ಷೆ ಹಾಗೆ ಕಾಣುತ್ತೆ ಅಂತ. ನಾನು ಕೆಳಗಡೆ ದಡದಲ್ಲಿ ನಿಂತು ತೆಗೀತೀನಿ. ನೀರು ಎಲ್ಲಿಯವರೆಗೆ ಬಂತು, ಎಲ್ಲಿಗೆ ಇಳೀತು ಅಂತ ಒಂದೇ ಜಾಗದಿಂದ. ಬರದ ನಾಡಲ್ವಾ ನಮ್ಮದು, ಕೆರೆ ತುಂಬಿದ ವರ್ಷದ ಫೋಟೊ ನೋಡೋಕೆ ಅಕ್ಕಪಕ್ಕದವರೂ ಮನೆಗೆ ಬರ್ತಾರೆ.

ಮೊಬೈಲಿಗೆ ನನ್ನ ಉಪಾಯ ಇಷ್ಟೆ. ಮೊದಲು ಲೆನ್ಸ್ ಒರೆಸಿ, ಅಡುಗೆಮನೆಯ ಎಣ್ಣೆ ಕೈ ಅದರ ಮೇಲೇ ಇರುತ್ತೆ. ಗೆರೆಗಳ ಗ್ರಿಡ್ ಆನ್ ಮಾಡಿ, ಆಗ ಕೆರೆ ಒಂದು ಕಡೆ ವಾಲಲ್ಲ. ಪರದೆ ಮುಟ್ಟಿ ಬೆಳಕನ್ನು ಸ್ವಲ್ಪ ಕೆಳಗೆ ಎಳೆಯಿರಿ, ಆಕಾಶದ ಬಣ್ಣ ಉಳಿಯುತ್ತೆ. ಮಕ್ಕಳನ್ನು ತೆಗೆಯುವಾಗ ಕೂತ್ಕೊಳ್ಳಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಹಂಗಾದ್ರೆ ಬೆಟ್ಟದ ಚಿಂತೆ ಬಿಟ್ಟು ನಮ್ಮ ಬೀದಿಯ ಹೂವಿನ ಮಾರ್ಕೆಟ್ಟಿನಿಂದ ಶುರು ಮಾಡ್ತೀನಿ. ಸೇವಂತಿಗೆ ಮೂಟೆ ಬಿಚ್ಚೋರ ಪರಿಚಯ ಹೇಗೂ ಇದೆ, ಸುಮಾರು ಜನ ನಮ್ಮ ಬ್ಯಾಂಕಿಗೇ ಬರ್ತಾರೆ. ಕ್ಯಾಮೆರಾ ವಿಷಯ ಮಾತ್ರ ಯಾರೂ ಹೇಳಲಿಲ್ಲ.

ನಂದಿ ಗ್ರಾಮದಿಂದ

ಮೊಬೈಲಿನಲ್ಲಿ ಏನು ಆಗಲ್ಲ ಅಂತ ನಿಮಗೇ ಗೊತ್ತಾದ ದಿನ ಕೊಳ್ಳಿ ಸಾರ್. ದೂರದ ಹಕ್ಕಿ ಬೇಕು ಅನ್ನಿಸಿದರೆ ಮೊಬೈಲಿಗೆ ಆಗಲ್ಲ. ಮುಖ, ಹೂವು, ಕೈ ಅಂದ್ರೆ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಬಾಡಿ, ಒಂದು 50 ಎಂಎಂ ಲೆನ್ಸ್ ಸಾಕು. ಜೂಮ್ ಇರಲ್ಲ, ನೀವೇ ಹಿಂದೆ ಮುಂದೆ ಹೋಗಬೇಕು. ಕೊಳ್ಳುವಾಗ ಲೆನ್ಸಿನೊಳಗೆ ಟಾರ್ಚ್ ಬಿಟ್ಟು ನೋಡಿ, ಬಲೆ ಬಲೆಯಾಗಿ ಕಂಡರೆ ಫಂಗಸ್, ಅದನ್ನು ಬಿಟ್ಟುಬಿಡಿ. ತಂದಮೇಲೆ ಬಟ್ಟೆ ಬೀರುವಿನಲ್ಲಿ ಮುಚ್ಚಿಡಬೇಡಿ, ಗಾಳಿಯಾಡದ ಡಬ್ಬಿಗೆ ತೇವ ಹೀರೋ ಸಿಲಿಕಾ ಜೆಲ್ ಹಾಕಿ ಇಡಿ. ಮಾರ್ಕೆಟ್ಟಿಗೆ ಹೋಗೋದಾದರೆ ಬೆಳಗಿನ ಜಾವವೇ ಹೋಗಿ, ಬಿಸಿಲೇರಿದಮೇಲೆ ಹೋದರೆ ಖಾಲಿ ಮೂಟೆ ಬಿಟ್ಟು ಇನ್ನೇನೂ ಇರಲ್ಲ.